ಕೆರೆ ಕೋಡಿ ಬಿದ್ದಿದೆ, ನಲ್ಲಿಯಲ್ಲಿ ಯಾಕೆ ನೀರಿಲ್ಲ? ಐರ್ಲೆಂಡಿನ ಕಂಪನಿ ತೆರಿಗೆ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು. ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆಯಿತು. ನನ್ನದು ಸಾಫ್ಟ್‌ವೇರ್ ಕೆಲಸ, ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನನ್ನ ಸಂಬಳದಲ್ಲಿ ಹತ್ತಿರಹತ್ತಿರ ಅರ್ಧ ಬಾಡಿಗೆಗೇ ಹೋಗುತ್ತದೆ. ಮಗನ ಕಿವಿ ತೋರಿಸಲು ತಜ್ಞರ ಸರದಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದೇವೆ. ಸುದ್ದಿ ಹಾಕಿದರೆ ಮಾತ್ರ, ಅಮೆರಿಕದ ಕಂಪನಿಗಳ ತೆರಿಗೆಯಿಂದ ಸರ್ಕಾರದ ಖಜಾನೆ ತುಂಬಿ ತುಳುಕುತ್ತಿದೆ ಅಂತಾರೆ. ತೆರಿಗೆ ದರ ಇಷ್ಟು ಕಡಿಮೆ ಇದ್ದೂ ಇಷ್ಟೊಂದು ದುಡ್ಡು ಹೇಗೆ ಬರುತ್ತದೆ? ಇದು ನಿಜಕ್ಕೂ ಐರ್ಲೆಂಡಿನ ದುಡ್ಡಾ? ಹೌದಾದರೆ ಯಾಕೆ ಖರ್ಚು ಮಾಡುತ್ತಿಲ್ಲ? ಆ ಕಂಪನಿಗಳು ನಾಳೆ ಎದ್ದು ಹೋದರೆ ನಮ್ಮ ಗತಿ ಏನು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ದುಡ್ಡಿಲ್ಲದ ದೇಶದಲ್ಲಿ ಕಾಯುವುದು ಬೇರೆ, ದುಡ್ಡಿರುವ ದೇಶದಲ್ಲಿ ಕಾಯುವುದು ಬೇರೆ. ನಾನು ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಇಂಥ ಕಂಪನಿಗಳ ತೆರಿಗೆ ಲೆಕ್ಕವನ್ನೇ ನೋಡಿಕೊಂಡು ಬಂದವನು. ಆ ಲೆಕ್ಕದ ಇನ್ನೊಂದು ತುದಿ ಬಹಳ ಸಲ ನೀವಿರುವ ಊರಿನಲ್ಲೇ ಇರುತ್ತದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ದುಡ್ಡು ಎಷ್ಟು ಅನ್ನೋದು ನೋಡೋಣ. 2014ರಲ್ಲಿ ಐರ್ಲೆಂಡಿಗೆ ಕಂಪನಿ ತೆರಿಗೆಯಿಂದ ಬಂದದ್ದು ಸುಮಾರು 460 ಕೋಟಿ ಯೂರೊ. ಮರುವರ್ಷವೇ ಅದು 690 ಕೋಟಿಯ ಹತ್ತಿರ ಹೋಯಿತು. 2021ರಲ್ಲಿ 1,530 ಕೋಟಿ, 2022ರಲ್ಲಿ 2,260 ಕೋಟಿ, 2023ರಲ್ಲಿ 2,380 ಕೋಟಿ. 2024ರಲ್ಲಿ ಆ್ಯಪಲ್ ಪ್ರಕರಣದ ದುಡ್ಡನ್ನು (ಅದರ ಕಥೆ ಮುಂದೆ ಹೇಳುತ್ತೇನೆ) ಬದಿಗಿಟ್ಟರೂ ಸುಮಾರು 2,810 ಕೋಟಿ. ಅಂದರೆ ಹತ್ತು ವರ್ಷದಲ್ಲಿ ಆರು ಪಟ್ಟು. ಐರ್ಲೆಂಡಿನ ಜನಸಂಖ್ಯೆ ಸುಮಾರು 54 ಲಕ್ಷ. ಭಾಗಿಸಿ ನೋಡಿ: ಕೂಸಿನಿಂದ ಮುದುಕರವರೆಗೆ ತಲೆಗೆ 5,200 ಯೂರೊ ಬೀಳುತ್ತದೆ, ಒಂದೇ ವರ್ಷಕ್ಕೆ. 2014ರಲ್ಲಿ ಸರ್ಕಾರಕ್ಕೆ ಬರುವ ನೂರು ಯೂರೊ ತೆರಿಗೆಯಲ್ಲಿ 11 ಯೂರೊ ಕಂಪನಿಗಳದ್ದಾಗಿತ್ತು. 2023ರ ಹೊತ್ತಿಗೆ 27 ಆಯಿತು.

ಈ ಹತ್ತು ವರ್ಷದಲ್ಲಿ ತೆರಿಗೆ ದರ ಏರಿತೇ? ಬಹುಪಾಲು ಇಲ್ಲ. 2003ರಿಂದಲೂ ಅದೇ ಶೇ 12.5. ವರ್ಷಕ್ಕೆ 75 ಕೋಟಿ ಯೂರೊಗಿಂತ ಜಾಸ್ತಿ ವಹಿವಾಟಿರುವ ದೊಡ್ಡ ಗುಂಪುಗಳಿಗೆ ಕನಿಷ್ಠ ಶೇ 15 ಅನ್ನುವ ಜಾಗತಿಕ ನಿಯಮ ಜಾರಿಗೆ ಬಂದದ್ದು 2024ರಲ್ಲಿ. ಅದರ ಹೆಚ್ಚುವರಿ ಹಣ ಕಟ್ಟುವ ಮೊದಲ ಗಡುವು 2026ರ ಜೂನ್. ಹಾಗಾದರೆ ಏರಿದ್ದು ದರ ಅಲ್ಲ, ಲಾಭ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಐರ್ಲೆಂಡಿನಲ್ಲಿ ತೋರಿಸುವ ಲಾಭ.

ಇದನ್ನು ಒಂದು ಲೆಕ್ಕದಿಂದ ಹೇಳುತ್ತೇನೆ. ಅಂಕಿಗಳು ಸುಮ್ನೆ ಉದಾಹರಣೆಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ಅಮೆರಿಕನ್ ಕಂಪನಿಯ ಕಚೇರಿ ಇದೆ ಅಂದುಕೊಳ್ಳಿ. ಎರಡು ಸಾವಿರ ಎಂಜಿನಿಯರುಗಳು ಅಲ್ಲಿ ಕೂತು ಕೋಡ್ ಬರೆಯುತ್ತಾರೆ. ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿ ವರ್ಷಕ್ಕೆ 100 ರೂಪಾಯಿ ಖರ್ಚು. ಈ ಕಚೇರಿ ಗ್ರಾಹಕರಿಗೆ ಏನನ್ನೂ ಮಾರುವುದಿಲ್ಲ. ಅದಕ್ಕಿರುವುದು ಒಬ್ಬನೇ ಗಿರಾಕಿ, ಅದೇ ಗುಂಪಿನ ಇನ್ನೊಂದು ಕಂಪನಿ. ಆ ಕಂಪನಿ ಖರ್ಚಿನ 100 ರೂಪಾಯಿ ಕೊಟ್ಟು, ಮೇಲೆ 15 ರೂಪಾಯಿ ಲಾಭ ಅಂತ ಸೇರಿಸಿ ಕೊಡುತ್ತದೆ. ಭಾರತ ತೆರಿಗೆ ಹಾಕುವುದು ಆ 15 ರೂಪಾಯಿಗೆ. ಸುಮಾರು ಶೇ 25ರ ಲೆಕ್ಕದಲ್ಲಿ ಮೂರು ಮುಕ್ಕಾಲು ರೂಪಾಯಿ.

ಆ ಕೋಡ್ ಯಾರದ್ದು? ಬರೆದವರದ್ದಲ್ಲ, ಬೆಂಗಳೂರು ಕಚೇರಿಯದ್ದೂ ಅಲ್ಲ. ಕಾಗದದ ಪ್ರಕಾರ ಅದರ ಒಡೆತನ ಡಬ್ಲಿನ್‌ನಲ್ಲಿರುವ ಕಂಪನಿಯದು. ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಯಾರಾದರೂ ಆ ಸಾಫ್ಟ್‌ವೇರ್ ಬಳಸಿದರೆ ಹಣ ಹೋಗುವುದು ಆ ಒಡೆಯನಿಗೆ. ಅಲ್ಲಿ ಲಾಭ 15 ರೂಪಾಯಿ ಅಲ್ಲ, ಸಾವಿರ ರೂಪಾಯಿ. ಅದರ ಶೇ 12.5 ಅಂದರೆ 125 ರೂಪಾಯಿ. ಕಡಿಮೆ ದರದಿಂದ ಜಾಸ್ತಿ ದುಡ್ಡು ಬರುವುದು ಹೀಗೆ. ದೊಡ್ಡ ದರ ಸಣ್ಣ ಲಾಭಕ್ಕೆ ಬೀಳುತ್ತದೆ, ಸಣ್ಣ ದರ ದೊಡ್ಡ ಲಾಭಕ್ಕೆ ಬೀಳುತ್ತದೆ.

ಪೇಟೆಂಟು, ಕೋಡ್, ಬ್ರ್ಯಾಂಡ್ ಹೆಸರು, ಔಷಧದ ಸೂತ್ರ ಇವನ್ನೆಲ್ಲ ಒಟ್ಟಾಗಿ ಬೌದ್ಧಿಕ ಆಸ್ತಿ ಅಂತಾರೆ. ಹೊಲ, ಕಾರ್ಖಾನೆ ಥರ ಇದಕ್ಕೆ ಬೇರು ಇಲ್ಲ. ಸಹಿ ಹಾಕಿದರೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತದೆ. 2015ಕ್ಕೆ ಮುಂಚೆ ಬಹಳಷ್ಟು ಅಮೆರಿಕನ್ ಕಂಪನಿಗಳು ಇದನ್ನು ಬರ್ಮುಡಾದಂಥ, ತೆರಿಗೆಯೇ ಇಲ್ಲದ ದ್ವೀಪಗಳಲ್ಲಿ ಇಟ್ಟಿದ್ದವು. ಐರ್ಲೆಂಡ್ ಆಗ ಹಣ ಹಾದುಹೋಗುವ ಕಾಲುವೆ ಆಗಿತ್ತು ಅಷ್ಟೇ. 'ಡಬಲ್ ಐರಿಷ್' ಅಂತ ಒಂದು ಹಳೇ ಏರ್ಪಾಡಿನ ಹೆಸರು ಕೇಳಿರಬಹುದು, ಅದೇ ಇದು.

ಆಮೇಲೆ ಆದದ್ದು ಕುತೂಹಲದ ಸಂಗತಿ. ಕಂಪನಿಗಳು ತೆರಿಗೆ ತಪ್ಪಿಸುವುದಕ್ಕೆ ಕಡಿವಾಣ ಹಾಕಬೇಕು ಅಂತ ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ 2015ರಲ್ಲಿ ಹೊಸ ನಿಯಮಗಳನ್ನು ತಂದಿತು. ಅದರ ತಿರುಳು ಇಷ್ಟು: ಬರೀ ಅಂಚೆಪೆಟ್ಟಿಗೆ ಇಟ್ಟುಕೊಂಡು ಲಾಭ ತೋರಿಸಬೇಡಿ, ನಿಜವಾದ ಕಚೇರಿ, ನಿಜವಾದ ಜನ ಇರುವ ಕಡೆ ತೋರಿಸಿ. ಐರ್ಲೆಂಡ್ ಕೂಡ ಡಬಲ್ ಐರಿಷ್ ಬಾಗಿಲನ್ನು 2015ರಿಂದ ಹೊಸಬರಿಗೆ ಮುಚ್ಚಿತು, ಹಳಬರಿಗೆ 2020ರ ಕೊನೆವರೆಗೆ ಸಮಯ ಕೊಟ್ಟಿತು. ಈಗ ಕಂಪನಿಗಳು ಯೋಚನೆ ಮಾಡಿದವು. ಬರ್ಮುಡಾದಲ್ಲಿ ನಮ್ಮ ಕೆಲಸದ ಜನ ಇಲ್ಲ. ಐರ್ಲೆಂಡಿನಲ್ಲಿ ಕಚೇರಿ ಇದೆ, ಸಾವಿರಾರು ನೌಕರರಿದ್ದಾರೆ, ದರವೂ ಕಡಿಮೆ. ಆಸ್ತಿಯನ್ನು ಅಲ್ಲಿಗೇ ತಂದರು. ಐರ್ಲೆಂಡಿನಂಥ ದೇಶಕ್ಕೆ ಇದರಿಂದ ಪೆಟ್ಟು ಬೀಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಅದಕ್ಕೇ ಅತಿ ಹೆಚ್ಚು ಲಾಭವಾಯಿತು.

ಹೀಗೆ ತಂದ ಆಸ್ತಿಗೆ ಕೊಟ್ಟ ಬೆಲೆಯನ್ನು ಕಂಪನಿ ಹಲವು ವರ್ಷಗಳಲ್ಲಿ ಹಂಚಿ ಲಾಭದಿಂದ ಕಳೆಯಬಹುದು. 2017ರ ಅಕ್ಟೋಬರ್ ನಂತರ ತಂದ ಆಸ್ತಿಗೆ ಒಂದು ಮಿತಿ ಇದೆ. ಆ ಆಸ್ತಿಯಿಂದ ಬಂದ ಲಾಭದ ಶೇ 80ರಷ್ಟನ್ನು ಮಾತ್ರ ಕಳೆಯಬಹುದು. 100 ಯೂರೊ ಲಾಭ ಬಂದರೆ 80 ಕಳೆದು ಉಳಿದ 20ಕ್ಕೆ ಶೇ 12.5, ಅಂದರೆ ಎರಡೂವರೆ ಯೂರೊ ತೆರಿಗೆ. ಕಳೆಯುವ ಅವಧಿ ಮುಗಿದ ದಿನ ಅದೇ 100 ಯೂರೊಗೆ ಹನ್ನೆರಡೂವರೆ. ವ್ಯಾಪಾರ ಒಂದು ಯೂರೊ ಕೂಡ ಬೆಳೆದಿಲ್ಲ, ತೆರಿಗೆ ಮಾತ್ರ ಐದು ಪಟ್ಟು. ಖಜಾನೆಗೆ ಹಣ ಹರಿದುಬರುವ ದಾರಿಗಳಲ್ಲಿ ಇದೂ ಒಂದು. ಹೊರಗಿನಿಂದ ನೋಡುವವರಿಗೆ ದೇಶ ಏಕ್‌ದಂ ಶ್ರೀಮಂತವಾದ ಹಾಗೆ ಕಾಣುತ್ತದೆ.

ಹಾಗೆ ಕಂಡೂ ಬಿಟ್ಟಿತು. 2015ರಲ್ಲಿ ಐರ್ಲೆಂಡಿನ ಆರ್ಥಿಕತೆ ಶೇ 26.3ರಷ್ಟು ಬೆಳೆಯಿತು ಅಂತ 2016ರ ಜುಲೈನಲ್ಲಿ ಅಂಕಿ ಬಂತು. ಹಾಗೆ ಬೆಳೆದಿದ್ದರೆ ಡಬ್ಲಿನ್ ಬೀದಿಯಲ್ಲಿ ಯಾರಿಗಾದರೂ ಗೊತ್ತಾಗಬೇಕಿತ್ತು, ಅಲ್ವಾ? ಯಾರಿಗೂ ಗೊತ್ತಾಗಲಿಲ್ಲ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಇದನ್ನು 'ಲೆಪ್ರಿಕಾನ್ ಎಕನಾಮಿಕ್ಸ್' ಅಂತ ಕರೆದರು. ಲೆಪ್ರಿಕಾನ್ ಅಂದರೆ ಐರಿಷ್ ಜನಪದ ಕಥೆಗಳಲ್ಲಿ ಬಂಗಾರದ ಗಡಿಗೆ ಬಚ್ಚಿಡುವ ಕುಳ್ಳ. ಆಮೇಲೆ ಅಲ್ಲಿನ ಅಂಕಿಅಂಶ ಕಚೇರಿ ಈ ಥರದ ಲೆಕ್ಕಗಳನ್ನು ತೆಗೆದುಹಾಕಿ ದೇಶದ ನಿಜವಾದ ಆದಾಯ ತೋರಿಸಲು ಬೇರೆಯೇ ಒಂದು ಅಳತೆ ಶುರು ಮಾಡಿತು. ನೀವು ಸುದ್ದಿಯಲ್ಲಿ ಜಿಡಿಪಿ ತಲಾ ಆದಾಯ ನೋಡಿ 'ನಾವು ಇಷ್ಟು ಶ್ರೀಮಂತರಾ' ಅಂತ ಅಚ್ಚರಿಪಟ್ಟಿದ್ದರೆ, ಆ ಅಚ್ಚರಿ ಸರಿಯಾದದ್ದೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದು ಐರ್ಲೆಂಡಿನ ದುಡ್ಡಾ?

ಕಾನೂನಿನ ಪ್ರಕಾರ ಹೌದು, ಪೂರ್ತಿ. ಐರ್ಲೆಂಡ್ ಏನೂ ರಾತ್ರಿ ಬೆಳಗಾಗುವುದರೊಳಗೆ ಈ ಅಂಗಡಿ ತೆರೆದದ್ದಲ್ಲ. 1950ರ ದಶಕದಲ್ಲಿ ಆ ದೇಶದ ಯುವಕರು ಹಡಗು ಹತ್ತಿ ಇಂಗ್ಲೆಂಡಿಗೆ ಗುಳೆ ಹೋಗುತ್ತಿದ್ದರು. ಆಗ, 1956ರಲ್ಲಿ, ರಫ್ತಿನ ಲಾಭಕ್ಕೆ ತೆರಿಗೆ ವಿನಾಯಿತಿ ಕೊಟ್ಟರು. 1959ರಲ್ಲಿ ಶಾನನ್ ವಿಮಾನ ನಿಲ್ದಾಣದ ಸುತ್ತ ಮುಕ್ತ ವಲಯ ಮಾಡಿದರು. 1980ರಲ್ಲಿ ಆ್ಯಪಲ್ ಕಾರ್ಕ್ ಊರಿಗೆ ಬಂತು, ಆಗ ಅದಿನ್ನೂ ಸಣ್ಣ ಕಂಪನಿ. 1985ರಲ್ಲಿ ಮೈಕ್ರೋಸಾಫ್ಟ್, 1989ರಲ್ಲಿ ಲೀಕ್ಸ್‌ಲಿಪ್‌ಗೆ ಇಂಟೆಲ್. ಇಂಗ್ಲಿಷ್ ಬಲ್ಲ, ಓದಿದ ಯುವಕರು, ಯುರೋಪಿನ ಮಾರುಕಟ್ಟೆ, ಸರ್ಕಾರ ಬದಲಾದರೂ ಬದಲಾಗದ ತೆರಿಗೆ ನೀತಿ, ಇವೆಲ್ಲ ಸೇರಿವೆ. ವಿದೇಶಿ ಹೂಡಿಕೆ ತರುವ ಸರ್ಕಾರಿ ಸಂಸ್ಥೆ ಐಡಿಎ ಬೆಂಬಲ ಪಡೆದ ಕಂಪನಿಗಳಲ್ಲಿ ಇವತ್ತು ಸುಮಾರು 3 ಲಕ್ಷ ಜನ ಕೆಲಸ ಮಾಡುತ್ತಾರೆ. ಆ ಕಾರ್ಖಾನೆ, ಆ ಪ್ರಯೋಗಾಲಯ ಕಣ್ಣಿಗೆ ಕಾಣುವಂಥವು. ಕಾರ್ಕ್ ಹತ್ತಿರದ ಕಿನ್ಸೇಲ್‌ನಲ್ಲಿ ಎಲಿ ಲಿಲಿ ಕಂಪನಿಯ ಕಾರ್ಖಾನೆ ಇದೆ. ಈಗ ಜಗತ್ತೆಲ್ಲ ಮುಗಿಬಿದ್ದಿರುವ ತೂಕ ಇಳಿಸುವ ಔಷಧದ ಮೂಲವಸ್ತುವನ್ನು ಅಲ್ಲಿ ನಿಜವಾಗಿಯೂ ತಯಾರಿಸುತ್ತಾರೆ. 2025ರ ಆರಂಭದಲ್ಲಿ ಟ್ರಂಪ್ ಸುಂಕ ಬೀಳುವ ಮುಂಚೆ ಅಂತ ಅದನ್ನು ವಿಮಾನದಲ್ಲಿ ತುಂಬಿ ತುಂಬಿ ಅಮೆರಿಕಕ್ಕೆ ಕಳಿಸಿದರು. ತೂಕ ಸ್ವಲ್ಪ, ಬೆಲೆ ಸಾವಿರಾರು ಕೋಟಿ.

ನ್ಯಾಯದ ಪ್ರಕಾರ ಕೇಳಿದರೆ ನನ್ನ ಉತ್ತರ ಬೇರೆ. ಕೋಡ್ ಬರೆದದ್ದು ಬೆಂಗಳೂರು, ಹೈದರಾಬಾದ್, ಕ್ಯಾಲಿಫೋರ್ನಿಯಾದಲ್ಲಿ. ಕೊಂಡವರು ಜಗತ್ತಿನ ತುಂಬ. ಲಾಭದ ಇಷ್ಟು ದೊಡ್ಡ ಪಾಲು 54 ಲಕ್ಷ ಜನರ ದೇಶದಲ್ಲಿ ಹುಟ್ಟಿತು ಅಂತ ನಾನು ಒಪ್ಪುವುದಿಲ್ಲ. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ. ನಾನೇ ಇಂಥ ಕಡತಗಳಿಗೆ ವರ್ಷಗಟ್ಟಲೆ ಲೆಕ್ಕ ಹಾಕಿದ್ದೇನೆ. ಕಾನೂನು ಮೀರಿದ್ದು ಏನೂ ಇರಲಿಲ್ಲ. ಆದರೂ ಎರಡು ಸಾವಿರ ಜನರ ವರ್ಷದ ಕೆಲಸದ ಬೆಲೆ 'ಖರ್ಚಿನ ಮೇಲೆ ಶೇ 15' ಅಂತ ಬರೆಯುವಾಗ ಮನಸ್ಸಿಗೆ ಕಸಿವಿಸಿ ಆಗುತ್ತಿತ್ತು.

ನಮ್ಮ ಬೆಂಗಳೂರಿನಲ್ಲೇ ಈ ವಿಷಯಕ್ಕೆ ಒಂದು ದೊಡ್ಡ ವ್ಯಾಜ್ಯ ನಡೆದಿದೆ. ಗೂಗಲ್ ಇಂಡಿಯಾ ಇಲ್ಲಿನ ವ್ಯಾಪಾರಿಗಳಿಗೆ ಜಾಹೀರಾತಿನ ಜಾಗ ಮಾರಿ, ಬಂದ ಹಣದಲ್ಲಿ ದೊಡ್ಡ ಪಾಲನ್ನು ಗೂಗಲ್ ಐರ್ಲೆಂಡಿಗೆ ಕಳಿಸುತ್ತಿತ್ತು. ಅದು ರಾಯಧನ (ರಾಯಲ್ಟಿ), ಅಂದರೆ ಇನ್ನೊಬ್ಬರ ಬೌದ್ಧಿಕ ಆಸ್ತಿ ಬಳಸಿದ್ದಕ್ಕೆ ಕೊಡುವ ಹಣ, ಇಲ್ಲೇ ತೆರಿಗೆ ಹಿಡಿಯಬೇಕಿತ್ತು ಅಂತ ಆದಾಯ ತೆರಿಗೆ ಇಲಾಖೆ ವಾದಿಸಿತು. ಮೊತ್ತ 1,457 ಕೋಟಿ ರೂಪಾಯಿ. 2017ರಲ್ಲಿ ಬೆಂಗಳೂರಿನ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಇಲಾಖೆಯ ಪರ ತೀರ್ಪು ಕೊಟ್ಟಿತು. ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಹೋಗಿ ಮತ್ತೆ ನ್ಯಾಯಮಂಡಳಿಗೆ ಬಂತು. ಅಷ್ಟರಲ್ಲಿ ಸಾಫ್ಟ್‌ವೇರ್ ಮಾರಾಟಕ್ಕೆ ಕೊಡುವ ಹಣ ರಾಯಧನ ಅಲ್ಲ ಅಂತ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. 2022ರಲ್ಲಿ ಅದೇ ನ್ಯಾಯಮಂಡಳಿ ಇದು ರಾಯಧನ ಅಲ್ಲ ಅಂತ ಹೇಳಿತು. ಅಂದರೆ ಚಿಕ್ಕಪೇಟೆಯ ಸೀರೆ ಅಂಗಡಿಯವನು ಕೊಟ್ಟ ಜಾಹೀರಾತಿನ ದುಡ್ಡು ಡಬ್ಲಿನ್‌ಗೆ ಹೋಗಿ ಅಲ್ಲಿ ಆದಾಯವಾಗುವುದು ಕಾನೂನಿಗೆ ಸರಿ. ಇಂಥ ಹಣದ ಮೇಲೆ ಭಾರತ 2016ರಲ್ಲಿ ಶೇ 6ರ ಸಮೀಕರಣ ತೆರಿಗೆ ಹಾಕಿ ನೋಡಿತು. 2025ರ ಏಪ್ರಿಲ್‌ನಿಂದ ಅದನ್ನೂ ಕೈಬಿಟ್ಟಿತು.

ಆ್ಯಪಲ್ ಪ್ರಕರಣ ನಿಮಗೆ ಗೊತ್ತೇ ಇರುತ್ತದೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಐರ್ಲೆಂಡ್ ಆ್ಯಪಲ್‌ಗೆ ಕೊಟ್ಟ ರಿಯಾಯಿತಿ ಅಕ್ರಮ ಸಹಾಯಧನ, 1,300 ಕೋಟಿ ಯೂರೊ ವಸೂಲಿ ಮಾಡಿ ಅಂತ ಯುರೋಪಿಯನ್ ಆಯೋಗ 2016ರ ಆಗಸ್ಟ್‌ನಲ್ಲಿ ಆದೇಶ ಮಾಡಿತು. ಐರ್ಲೆಂಡ್ 'ನಮಗೆ ಆ ದುಡ್ಡು ಬೇಡ' ಅಂತ ಆ್ಯಪಲ್ ಜೊತೆ ಸೇರಿ ಕೋರ್ಟಿಗೆ ಹೋಯಿತು. ವಕೀಲರಿಗೇ ಸುಮಾರು 1 ಕೋಟಿ ಯೂರೊ ಖರ್ಚಾಯಿತು. 2020ರಲ್ಲಿ ಗೆದ್ದಿತು, 2024ರ ಸೆಪ್ಟೆಂಬರ್ 10ರಂದು ಸೋತಿತು. ಸೋತಿದ್ದಕ್ಕೆ ಬಡ್ಡಿ ಸೇರಿ ಸುಮಾರು 1,400 ಕೋಟಿ ಯೂರೊ ಸಿಕ್ಕಿತು. ಬೇಡ ಅಂದದ್ದು ಯಾಕೆ ಅಂತ ಕೇಳಬಹುದು. ಒಂದು ಸಲದ 1,300 ಕೋಟಿಗಿಂತ, ಮಾತು ಕೊಟ್ಟರೆ ತಪ್ಪದ ದೇಶ ಅನ್ನುವ ಹೆಸರು ಅವರಿಗೆ ದೊಡ್ಡದಾಗಿತ್ತು. ನನಗೆ ಆ ನಿಲುವು ಇಷ್ಟವಿಲ್ಲ. ಆದರೆ ಅರ್ಥವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಾಕೆ ಖರ್ಚು ಮಾಡುತ್ತಿಲ್ಲ?

ಈ ತೆರಿಗೆ ಎಷ್ಟು ಕೈಗಳಿಂದ ಬರುತ್ತದೆ ಗೊತ್ತಾ? ವಿದೇಶಿ ಬಹುರಾಷ್ಟ್ರೀಯ ಕಂಪನಿಗಳಿಂದ ಶೇ 80ಕ್ಕಿಂತ ಜಾಸ್ತಿ. ಬರೀ ಹತ್ತು ಕಂಪನಿ ಗುಂಪುಗಳಿಂದ ಅರ್ಧಕ್ಕಿಂತ ಜಾಸ್ತಿ: 2022ರಲ್ಲಿ ಶೇ 57, 2023ರಲ್ಲಿ ಶೇ 52. ಸರ್ಕಾರದ ಲೆಕ್ಕವನ್ನು ಸ್ವತಂತ್ರವಾಗಿ ನೋಡುವ ಐರಿಷ್ ಹಣಕಾಸು ಸಲಹಾ ಮಂಡಳಿ ಇನ್ನೂ ಹತ್ತಿರದಿಂದ ನೋಡಿತು. 2017ರಿಂದ 2021ರವರೆಗೆ ಮೂರೇ ಮೂರು ಗುಂಪುಗಳು ಸುಮಾರು ಮೂರನೇ ಒಂದು ಪಾಲು ಕೊಟ್ಟಿವೆ ಅಂತ ಅಂದಾಜು ಮಾಡಿತು. ಆಮೇಲೆ ಆ ಪಾಲು ಇನ್ನೂ ಏರಿದೆ. ಒಂದು ದೇಶದ ಆಸ್ಪತ್ರೆ, ಶಾಲೆ, ಪಿಂಚಣಿ ಇಷ್ಟರ ಮಟ್ಟಿಗೆ ಮೂರು ಕಂಪನಿಗಳ ಲೆಕ್ಕಪುಸ್ತಕಕ್ಕೆ ಜೋತುಬಿದ್ದಿದೆ.

ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಮುಂಗಡ ತೆರಿಗೆ ಕಟ್ಟುವುದು ಜೂನ್ ಮತ್ತು ನವೆಂಬರ್‌ನಲ್ಲಿ. ಆನ್‌ಲೈನ್‌ನಲ್ಲಿ ಕಟ್ಟುವವರಿಗೆ 23ನೇ ತಾರೀಖು ಗಡುವು. ಡಬ್ಲಿನ್‌ನ ಹಣಕಾಸು ಇಲಾಖೆಗೆ ನವೆಂಬರ್ ಅಂದರೆ ನಮ್ಮ ಕಡೆ ರೈತರಿಗೆ ಮುಂಗಾರಿನ ಮೊದಲ ವಾರ ಇದ್ದ ಹಾಗೆ. 2023ರಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ತಿಂಗಳೂ ಸತತವಾಗಿ ಹಿಂದಿನ ವರ್ಷಕ್ಕಿಂತ ಕಡಿಮೆ ಬಂತು. ಆಗಸ್ಟ್ ಒಂದರಲ್ಲೇ ಸುಮಾರು 100 ಕೋಟಿ ಯೂರೊ ಖೋತಾ. ಬಜೆಟ್ ಸಿದ್ಧ ಮಾಡುವ ಹೊತ್ತಿಗೆ ಸರಿಯಾಗಿ ಹೀಗಾದರೆ ಯಾರ ಎದೆ ಡವಡವ ಅನ್ನುವುದಿಲ್ಲ? ನವೆಂಬರ್‌ನಲ್ಲಿ 630 ಕೋಟಿ ಬಂದು ವರ್ಷ ಉಳಿಯಿತು.

ಇದು ಬರೀ ಪುಸ್ತಕದ ಭಯ ಅಲ್ಲ. ಆ ದೇಶ ಒಂದು ಸಲ ಈ ಬೆಂಕಿಯಲ್ಲಿ ಸುಟ್ಟುಕೊಂಡಿದೆ. 2006ರಲ್ಲಿ ಮನೆ ಮಾರಾಟದ ಭರಾಟೆ. ಮುದ್ರಾಂಕ ಶುಲ್ಕವೊಂದರಿಂದಲೇ ಸುಮಾರು 370 ಕೋಟಿ ಯೂರೊ ಬರುತ್ತಿತ್ತು. ಅದೇ ಕಾಯಂ ಆದಾಯ ಅಂತ ನಂಬಿ ಬೇರೆ ತೆರಿಗೆ ಇಳಿಸಿದರು, ಸಂಬಳ ಏರಿಸಿದರು. 2009ರ ಹೊತ್ತಿಗೆ ಮುದ್ರಾಂಕ ಶುಲ್ಕ 100 ಕೋಟಿಗಿಂತ ಕೆಳಗೆ ಬಿತ್ತು. ಕಂಪನಿ ತೆರಿಗೆಯೂ 670 ಕೋಟಿಯಿಂದ 390 ಕೋಟಿಗೆ ಇಳಿಯಿತು. ಬ್ಯಾಂಕುಗಳು ಮುಳುಗಿದವು. 2010ರ ನವೆಂಬರ್‌ನಲ್ಲಿ 8,500 ಕೋಟಿ ಯೂರೊ ಪರಿಹಾರ ಪ್ಯಾಕೇಜು. ಅದರಲ್ಲಿ 1,750 ಕೋಟಿ ಐರ್ಲೆಂಡಿನ ಸ್ವಂತ ದುಡ್ಡು, ಅದರಲ್ಲೂ ಬಹುಪಾಲು ಮುಂದಿನ ಪೀಳಿಗೆಯ ಪಿಂಚಣಿಗೆ ಅಂತ 2001ರಿಂದ ಕೂಡಿಟ್ಟದ್ದು. ಸರ್ಕಾರಿ ನೌಕರರ ಸಂಬಳ ಕತ್ತರಿಸಿದರು, ಹೊಸ ನೇಮಕಾತಿ ನಿಲ್ಲಿಸಿದರು. ನಿಮ್ಮ ಹೆಂಡತಿಯ ಆಸ್ಪತ್ರೆಯಲ್ಲಿ ಹಳೇ ನರ್ಸುಗಳನ್ನು ಕೇಳಲು ಹೇಳಿ. 2009, 2010 ಹೇಗಿತ್ತು ಅಂತ ನನಗಿಂತ ಚೆನ್ನಾಗಿ ಅವರು ಹೇಳುತ್ತಾರೆ.

ನಿಮ್ಮ ಮಲೆನಾಡಿನಲ್ಲೂ ಇಂಥದ್ದೊಂದು ನಡೆದಿದೆ. 2002, 2003ರ ವೆನಿಲಾ ನೆನಪಿದೆಯಾ? ನಾನು ಶಿರಸಿ ಕಡೆಯವನು. ನಮ್ಮ ಮಾವನ ತೋಟದಲ್ಲಿ ಅಡಿಕೆ ಮರದ ಬುಡಕ್ಕೆಲ್ಲ ವೆನಿಲಾ ಬಳ್ಳಿ. ಬೆಳಗ್ಗೆ ಹೂ ಮುದುಡುವ ಮುಂಚೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಬೇಕಿತ್ತು. ರಾತ್ರಿ ಟಾರ್ಚ್ ಹಿಡಿದು ಕೋಡು ಕಾಯಬೇಕಿತ್ತು, ಅಷ್ಟು ಕಳ್ಳತನ. ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ. ಬೆಲೆ ಏರಿದ್ದಕ್ಕೆ ಕಾರಣ ನಮ್ಮ ಮಣ್ಣಲ್ಲ, ಮಡಗಾಸ್ಕರ್‌ನಲ್ಲಿ ಚಂಡಮಾರುತ ಬೆಳೆ ನಾಶ ಮಾಡಿತ್ತು. ಅಲ್ಲಿ ಬೆಳೆ ಚೇತರಿಸಿಕೊಂಡ ಕೂಡಲೇ ಇಲ್ಲಿ ಬೆಲೆ ನೆಲಕಚ್ಚಿತು. ಬಂದ ದುಡ್ಡಿನಲ್ಲಿ ಮಾವ ಹಳೇ ಸಾಲ ತೀರಿಸಿ ಬಾವಿ ತೋಡಿಸಿದ. ಪಕ್ಕದ ತೋಟದವರು ಆ ಬೆಲೆ ಹಾಗೇ ಇರುತ್ತದೆ ಅಂತ ಕಂತಿನ ಮೇಲೆ ಕಾರು ಕೊಂಡು, ಮನೆ ಎಬ್ಬಿಸಿದರು. ಕಂತು ಉಳಿಯಿತು, ವೆನಿಲಾ ಉಳಿಯಲಿಲ್ಲ.

ಐರ್ಲೆಂಡಿಗೂ ನಾನು ಹೇಳುವುದು ಇದೇ. ಗಾಳಿ ಬಂದಾಗ ತೂರಿಕೊಳ್ಳಲಿ, ತಪ್ಪಿಲ್ಲ. ಆದರೆ ಈ ದುಡ್ಡು ಬಾವಿಗೆ ಹೋಗಬೇಕು, ಕಂತಿಗೆ ಹೋಗಬಾರದು. ಪ್ರತಿವರ್ಷ ಕೊಡಲೇಬೇಕಾದ ಸಂಬಳ, ಪಿಂಚಣಿ, ಭತ್ಯೆ ಇವನ್ನು ಅಮೆರಿಕದ ಒಂದು ಸಭಾಕೋಣೆಯ ಸಹಿಗೆ ಕಟ್ಟಿಹಾಕಬಾರದು. ಒಂದು ಸಲ ಕಟ್ಟಿದರೆ ನೂರು ವರ್ಷ ನಿಲ್ಲುವ ಪೈಪು, ಹಳಿ, ಮನೆ, ಆಸ್ಪತ್ರೆ ಕಟ್ಟಡ, ಇವಕ್ಕೆ ಧಾರಾಳವಾಗಿ ಹಾಕಲಿ.

ಆ ದಾರಿಯಲ್ಲಿ ಸರ್ಕಾರ ಅರ್ಧ ನಡೆದಿದೆ. 2024ರಲ್ಲಿ ಎರಡು ನಿಧಿ ಮಾಡಿತು. ಒಂದು ಫ್ಯೂಚರ್ ಐರ್ಲೆಂಡ್ ಫಂಡ್. 2035ರವರೆಗೆ ಪ್ರತಿವರ್ಷ ಜಿಡಿಪಿಯ ಶೇ 0.8ರಷ್ಟು ಅದಕ್ಕೆ ಹೋಗುತ್ತದೆ, ವಯಸ್ಸಾಗುತ್ತಿರುವ ಜನಸಂಖ್ಯೆಯ ಖರ್ಚಿಗೆ. ಇನ್ನೊಂದು ಮೂಲಸೌಕರ್ಯ ಮತ್ತು ಹವಾಮಾನದ ನಿಧಿ, 2030ರ ಹೊತ್ತಿಗೆ 1,400 ಕೋಟಿ ಯೂರೊ ಗುರಿ. ಹೆಚ್ಚುಕಡಿಮೆ ಇಷ್ಟೇ ಜನಸಂಖ್ಯೆಯ ನಾರ್ವೆ ಎಣ್ಣೆಯ ದುಡ್ಡನ್ನು 1996ರಿಂದ ಹೀಗೆ ಕೂಡಿಡುತ್ತಾ ಬಂದಿದೆ. ಅಲ್ಲಿ ನಿಧಿಯ ಸುಮಾರು ಶೇ 3ರಷ್ಟನ್ನು ಮಾತ್ರ ವರ್ಷಕ್ಕೆ ಬಳಸಬೇಕು ಅನ್ನುವ ನಿಯಮ ಇದೆ. ಐರ್ಲೆಂಡಿಗೆ ಅಷ್ಟು ಶಿಸ್ತು ಇನ್ನೂ ಬಂದಿಲ್ಲ. ಖರ್ಚು ವರ್ಷಕ್ಕೆ ಶೇ 5ಕ್ಕಿಂತ ಜಾಸ್ತಿ ಏರಬಾರದು ಅಂತ 2021ರಲ್ಲಿ ಸರ್ಕಾರ ತಾನೇ ಗೆರೆ ಹಾಕಿಕೊಂಡಿತು, ಬೇಗನೇ ದಾಟಿತು. ಈ ಆಕಸ್ಮಿಕ ತೆರಿಗೆಯನ್ನು ತೆಗೆದುಬಿಟ್ಟರೆ ಬಜೆಟ್ ಈಗಲೂ ಕೊರತೆಯಲ್ಲೇ ಇದೆ. ಹಾಗಾಗಿ 'ಖರ್ಚೇ ಮಾಡುತ್ತಿಲ್ಲ' ಅನ್ನುವ ನಿಮ್ಮ ಮಾತು ಪೂರ್ತಿ ಸರಿಯಲ್ಲ. ಖರ್ಚು ಮಾಡುತ್ತಿದ್ದಾರೆ, ನಿಮ್ಮ ಬಾಗಿಲಿಗೆ ತಲುಪುತ್ತಿಲ್ಲ.

ಯಾಕೆ ತಲುಪುತ್ತಿಲ್ಲ ಅಂದರೆ, ಈಗ ಕೊರತೆ ಇರುವುದು ದುಡ್ಡಿನದ್ದಲ್ಲ. 2008ರ ನಂತರ ಕಟ್ಟಡ ಕೆಲಸಗಾರರ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಗಾರೆಯವರು, ಬಡಗಿಗಳು, ಎಂಜಿನಿಯರುಗಳು ದೇಶ ಬಿಟ್ಟರು. ಅವರು ವಾಪಸ್ ಬರಲು ಖಜಾನೆ ತುಂಬಿದರೆ ಸಾಲದು. ವರ್ಷಕ್ಕೆ ಸುಮಾರು 50,000 ಮನೆ ಬೇಕು ಅಂತ ಸರ್ಕಾರದ್ದೇ ಗುರಿ. 2024ರಲ್ಲಿ ಮುಗಿದದ್ದು 30,330. ಡಬ್ಲಿನ್‌ಗೆ ನೀರು ಬಹುಪಾಲು ಲಿಫಿ ನದಿ ಒಂದರಿಂದಲೇ. ಶಾನನ್ ನದಿಯಿಂದ 170 ಕಿಲೋಮೀಟರ್ ಪೈಪು ಹಾಕುವ ಯೋಜನೆ ಎಷ್ಟೋ ವರ್ಷದಿಂದ ಕಾಗದದಲ್ಲಿದೆ. ನೀರು ಮತ್ತು ವಿದ್ಯುತ್ ಸಂಪರ್ಕ ಇಲ್ಲದೆ ಹೊಸ ಬಡಾವಣೆಗೆ ಅನುಮತಿ ಹೇಗೆ ಕೊಡುತ್ತಾರೆ?

ಅದರ ಜೊತೆ, ದುಡ್ಡು ಸುಲಭವಾಗಿ ಬಂದಾಗ ಕೈ ಸಡಿಲವಾಗುತ್ತದೆ. ಡಬ್ಲಿನ್‌ನ ರಾಷ್ಟ್ರೀಯ ಮಕ್ಕಳ ಆಸ್ಪತ್ರೆಗೆ 2017ರಲ್ಲಿ 98.3 ಕೋಟಿ ಯೂರೊ ಅಂತ ಒಪ್ಪಿಗೆ ಕೊಟ್ಟರು. 2024ರ ಹೊತ್ತಿಗೆ ಮಂಜೂರಾದ ಮೊತ್ತ 224 ಕೋಟಿ. ಸಂಸತ್ತು ಇರುವ ಲೀನ್ಸ್ಟರ್ ಹೌಸ್ ಅಂಗಳದಲ್ಲಿ ಸೈಕಲ್ ನಿಲ್ಲಿಸಲು ಒಂದು ಮಾಡು ಹಾಕಿದರು. ಹದಿನೆಂಟು ಸೈಕಲ್ ಹಿಡಿಯುವ ಜಾಗ. ಖರ್ಚು 3,36,000 ಯೂರೊ. ನಿಮ್ಮ ಮಗನಂಥ ಮಕ್ಕಳು ಕಿವಿ ತೋರಿಸಲು ಕಾಯುತ್ತಿರುವ ಊರಿನಲ್ಲಿ ಇದು ನಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಈ ಸುದ್ದಿ ಹೊರಬಿದ್ದಾಗ ಜನ ಕೊತಕೊತ ಕುದಿದದ್ದು ಸರಿಯಾಗಿಯೇ ಇತ್ತು. ಆ್ಯಪಲ್ ದುಡ್ಡನ್ನು ಮನೆ, ನೀರು, ವಿದ್ಯುತ್, ಸಾರಿಗೆ ಈ ನಾಲ್ಕಕ್ಕೇ ಹಾಕುತ್ತೇವೆ ಅಂತ ಸರ್ಕಾರ ಹೇಳಿದೆ. ಆ ಮಾತು ಉಳಿಸಿಕೊಂಡರೆ ನಿಮ್ಮಂಥವರಿಗೆ ನಿಜವಾಗಿ ಉಪಯೋಗ.

ಕೊನೆಯ ಪ್ರಶ್ನೆ, ಕಂಪನಿಗಳು ಎದ್ದು ಹೋದರೆ? ಇದನ್ನು ಎರಡಾಗಿ ನೋಡಬೇಕು. ಕಿನ್ಸೇಲ್ ಕಾರ್ಖಾನೆ, ಲೀಕ್ಸ್‌ಲಿಪ್‌ನ ಚಿಪ್ ಘಟಕ, ನಿಮ್ಮ ಕಚೇರಿಯಂಥ ಕಚೇರಿಗಳು ರಾತ್ರೋರಾತ್ರಿ ಹೋಗುವಂಥವಲ್ಲ. ಅವಕ್ಕೆ ಜನ ಬೇಕು, ಪರವಾನಗಿ ಬೇಕು, ವರ್ಷಗಳು ಬೇಕು. ಹೋಗಬಲ್ಲದ್ದು ಬೌದ್ಧಿಕ ಆಸ್ತಿಯ ಕಾಗದ. ಅಮೆರಿಕ 2017ರಲ್ಲಿ ತನ್ನ ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ಇಳಿಸಿತು. ಲಾಭ, ಉತ್ಪಾದನೆ ಎಲ್ಲ ವಾಪಸ್ ಬರಲಿ ಅಂತ ಈಗ ಸುಂಕದ ಒತ್ತಡವನ್ನೂ ಹಾಕುತ್ತಿದೆ. ಯುರೋಪಿನ ಔಷಧಗಳ ಮೇಲಿನ ಸುಂಕಕ್ಕೆ ಶೇ 15ರ ಮಿತಿ ಅಂತ 2025ರ ಆಗಸ್ಟ್‌ನಲ್ಲಿ ಒಪ್ಪಂದವಾದದ್ದರಿಂದ ಸ್ವಲ್ಪ ಉಸಿರಾಡುವ ಹಾಗಾಯಿತು. ಹಾಗಾಗಿ ನನ್ನ ಅಂದಾಜು ಹೀಗಿದೆ: ನಿಮ್ಮ ಕೆಲಸಕ್ಕೆ ಇರುವ ಅಪಾಯಕ್ಕಿಂತ ಸರ್ಕಾರದ ತೆರಿಗೆಗೆ ಇರುವ ಅಪಾಯ ಜಾಸ್ತಿ. ನಿಮಗೆ ಪೆಟ್ಟು ಬೀಳುವುದಾದರೆ ಅದು ಮೊದಲು ಆಸ್ಪತ್ರೆಯ ನೇಮಕಾತಿ ನಿಲ್ಲುವ ಮೂಲಕ, ನಿಮ್ಮ ಸಂಬಳದ ಮೇಲಿನ ತೆರಿಗೆ ಏರುವ ಮೂಲಕ ಬರಬಹುದು. 2009ರಲ್ಲಿ ಬಂದದ್ದು ಹಾಗೆಯೇ. ಅಲ್ಲಿ ಮನೆ ಕೊಳ್ಳುವ ಯೋಚನೆ ಇದ್ದರೆ ಒಬ್ಬರ ಸಂಬಳದಲ್ಲೇ ಕಂತು ಕಟ್ಟಲು ಆಗುತ್ತದಾ ಅಂತ ನೋಡಿಕೊಂಡು ಮುಂದುವರಿಯಿರಿ.

ಐರ್ಲೆಂಡಿನ ಹಣಕಾಸು ಇಲಾಖೆ ಪ್ರತಿ ತಿಂಗಳ ಆರಂಭದಲ್ಲಿ ತೆರಿಗೆಯ ಲೆಕ್ಕ ಪ್ರಕಟಿಸುತ್ತದೆ. ಎಲ್ಲ ತಿಂಗಳೂ ನೋಡಬೇಕಿಲ್ಲ. ಡಿಸೆಂಬರ್ ಮೊದಲ ವಾರ ಬರುವುದನ್ನು ನೋಡಿ, ಅದರಲ್ಲಿ ನವೆಂಬರ್‌ನ ಅಂಕಿ ಇರುತ್ತದೆ. ಕಂಪನಿ ತೆರಿಗೆ ಎಷ್ಟು ಬಂತು ಅನ್ನುವುದು ಒಂದು ಸಾಲು. ಅದರಲ್ಲಿ ಎಷ್ಟು ಆ ಎರಡು ನಿಧಿಗಳಿಗೆ ಹೋಯಿತು ಅನ್ನುವುದನ್ನು ಅದರ ಪಕ್ಕದಲ್ಲಿಟ್ಟು ಓದಿ. ಪತ್ರಿಕೆಗಳು ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕುತ್ತವೆ. ಎರಡನೆಯದನ್ನು ನೀವೇ ಹುಡುಕಿಕೊಳ್ಳಬೇಕಾಗುತ್ತದೆ.